ಹೊತ್ತು, ಸೂರ್ಯ, ರವಿ: ಎಳೆಯ ಮಕ್ಕಳ ಸಮಾನಾರ್ಥಕ ಪದಗಳ ಕಲಿಕೆಯನ್ನು ಕುರಿತು

ಪ್ರಾಥಮಿಕ ಶಾಲೆಯ ಕನ್ನಡ ಕಲಿಕೆಯಲ್ಲಿ 'ಸಮಾನಾರ್ಥಕ ಪದಗಳನ್ನು ಬರೆಯಿರಿ' ಎಂಬ ಅಭ್ಯಾಸಕ್ಕೆ ಬಹುಕಾಲದಿಂದ ಒಂದು ಕಾಯಂ ಸ್ಥಾನವಿದೆ. ಸೂರ್ಯ ಎಂದರೆ ರವಿ, ಭಾಸ್ಕರ, ದಿನಕರ; ಭೂಮಿ ಎಂದರೆ ಧರೆ, ಇಳೆ, ವಸುಧೆ; ನೀರು ಎಂದರೆ ಜಲ, ಉದಕ. ಮಕ್ಕಳು ಇವನ್ನು ಮಗ್ಗಿಯಂತೆ ಉರುಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ತಳಕಲ್ಲಿನಂತಹ ಊರಿನ ಮಗುವೊಂದು ಈ ಪಟ್ಟಿಯನ್ನು ಓದುವಾಗ ಅದರ ಬಾಯಲ್ಲಿ ಸೂರ್ಯನಿಗೆ ಆಗಲೇ ಒಂದು ಹೆಸರಿರುತ್ತದೆ. 'ಹೊತ್ತು ಹೊಂಟೈತಿ', 'ಹೊತ್ತು ಮುಣಗೈತಿ' ಎಂದು ಅದು ದಿನವೂ ಕೇಳುತ್ತದೆ, ತಾನೂ ಆಡುತ್ತದೆ. ಆದರೆ ಆ 'ಹೊತ್ತು' ಪಟ್ಟಿಯಲ್ಲಿರುವುದಿಲ್ಲ. ಪಟ್ಟಿಯಲ್ಲಿರುವ ರವಿ, ಭಾಸ್ಕರರು ಅದರ ಮಟ್ಟಿಗೆ ಬಹುಮಟ್ಟಿಗೆ ಪಕ್ಕದ ಮನೆಯ ಹುಡುಗರ ಹೆಸರುಗಳು. ಮಗುವಿಗೆ ಗೊತ್ತಿರುವ ಸಮಾನಾರ್ಥಕವನ್ನು ಹೊರಗಿಟ್ಟು, ಗೊತ್ತಿಲ್ಲದ ಸಮಾನಾರ್ಥಕಗಳನ್ನು ಕಲಿಸಲು ಹೊರಡುವ ಈ ಕ್ರಮವು ಬೋಧನೆಯ ದೃಷ್ಟಿಯಿಂದಲೂ ಭಾಷೆಯ ದೃಷ್ಟಿಯಿಂದಲೂ ತಲೆಕೆಳಗಾದುದು ಎಂಬುದು ಪ್ರಸ್ತುತ ಲೇಖನದ ನಿಲುವು.

ಈ ಪಟ್ಟಿ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. ಒಂದೇ ಅರ್ಥದ ಪದಗಳನ್ನು ಒಂದೆಡೆ ಪೋಣಿಸಿ ಕಂಠಪಾಠ ಮಾಡುವುದು ನಮ್ಮಲ್ಲಿ ಬಹು ಹಳೆಯ ವಿದ್ಯೆ. ಅಮರಸಿಂಹನ ಅಮರಕೋಶವನ್ನು ಬಾಯಿಪಾಠ ಮಾಡುವುದು ಸಾಂಪ್ರದಾಯಿಕ ವಿದ್ಯಾಭ್ಯಾಸದ ಮೊದಲ ಮೆಟ್ಟಿಲುಗಳಲ್ಲಿ ಒಂದಾಗಿತ್ತು. ಕನ್ನಡದಲ್ಲಿ ರನ್ನನ ಹೆಸರಿನಲ್ಲಿರುವ 'ರನ್ನಕಂದ'ದಿಂದ ಮೊದಲ್ಗೊಂಡು ನಾಗವರ್ಮನ 'ಅಭಿಧಾನ ವಸ್ತುಕೋಶ', ಮಂಗರಾಜನ 'ಅಭಿನವಾಭಿಧಾನ', ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ'ಯವರೆಗೆ ನಿಘಂಟುಗಳ ದೊಡ್ಡದೊಂದು ಪರಂಪರೆಯೇ ಇದೆ. ಇವೆಲ್ಲ ಪದ್ಯರೂಪದಲ್ಲಿರುವುದು ನೆನಪಿನ ಅನುಕೂಲಕ್ಕಾಗಿ. ಆದರೆ ಇವುಗಳ ಉದ್ದೇಶವನ್ನು ಕೊನೆಯ ಕೃತಿಯ ಹೆಸರೇ ಹೇಳುತ್ತದೆ: ಇವು ಕಬ್ಬಿಗರ ಕೈಪಿಡಿಗಳು. ಪ್ರಾಸಸ್ಥಾನದಲ್ಲಿ ಇಂಥದೇ ಅಕ್ಷರ ಬರಬೇಕು, ಗಣದಲ್ಲಿ ಇಷ್ಟೇ ಮಾತ್ರೆ ಕೂಡಬೇಕು ಎಂಬ ಕಟ್ಟುಪಾಡಿನಲ್ಲಿ ಬರೆಯುವ ಕವಿಗೆ ತಾವರೆಗೆ ಹತ್ತು ಹೆಸರು ಬೇಕಾಗಿದ್ದವು. ಹಳಗನ್ನಡ ಕಾವ್ಯವನ್ನು ಓದುವವನಿಗೂ ಅವು ಬೇಕಾಗಿದ್ದವು. ಆರು ವರ್ಷದ ಮಗುವಿಗೆ ಈ ಎರಡು ಅಗತ್ಯಗಳೂ ಇಲ್ಲ. ಅಗತ್ಯ ಹೋದ ಮೇಲೂ ಪಟ್ಟಿ ಮಾತ್ರ ಉಳಿದುಕೊಂಡಿದೆ. ಅದೂ ಅರೆಬರೆಯಾಗಿ ಉಳಿದಿದೆ. ಅಮರಕೋಶವು ಪದಗಳನ್ನು ಭೂಮಿ, ವನೌಷಧಿ, ಮನುಷ್ಯ ಎಂಬಂತೆ ವರ್ಗಗಳಾಗಿ ಜೋಡಿಸಿ, ಲೋಕದ ಒಂದು ನಕ್ಷೆಯನ್ನಾದರೂ ಕಲಿಯುವವನ ಮುಂದಿಡುತ್ತಿತ್ತು. ನಮ್ಮ ಅಭ್ಯಾಸಗಳಲ್ಲಿ ಆ ನಕ್ಷೆಯೂ ಉಳಿದಿಲ್ಲ.

ಇದನ್ನು ಕೊಪ್ಪಳದ ಸೀಮೆಯಲ್ಲಿ ನಿಂತು ಯೋಚಿಸುವುದಕ್ಕೆ ಒಂದು ವಿಶೇಷ ಕಾರಣವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ ಕೊಪಣವನ್ನು, ಎಂದರೆ ಇಂದಿನ ಕೊಪ್ಪಳವನ್ನು ಹೆಸರಿಸುತ್ತದೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವೆಲ್ಲವನ್ನೂ ಅರಿಯಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಎಂದದ್ದೂ ಅದೇ ಗ್ರಂಥ. ಹೀಗೆ ತಿರುಳ್ಗನ್ನಡದ ನೆಲವೆನಿಸಿದ ಈ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. 1956ರ ಏಕೀಕರಣದ ನಂತರ ಕನ್ನಡವೇ ಕಲಿಕೆಯ, ಆಡಳಿತದ ಭಾಷೆಯಾಯಿತು. ಆದರೆ ಪುಸ್ತಕದೊಳಗೆ ಬಂದ ಕನ್ನಡದ ಮೇಲೆ ಹಳೆಯ ಮೈಸೂರಿನ ಶಿಷ್ಟ ಬರವಣಿಗೆಯ ಅಚ್ಚು ಗಾಢವಾಗಿತ್ತು. 'ನಿನ್ನ ಭಾಷೆ ಕಚೇರಿಯ ಭಾಷೆಯಲ್ಲ' ಎಂಬ ಮಾತನ್ನು ಕೇಳಿದ ಅಜ್ಜನ ಮೊಮ್ಮಗ ಈಗ 'ನೀನಾಡುವುದು ಸರಿಯಾದ ಕನ್ನಡವಲ್ಲ' ಎಂಬ ಮಾತನ್ನು ಕೇಳುತ್ತಿದ್ದಾನೆ. ಎರಡನೆಯ ಮಾತು ಮೊದಲನೆಯದಕ್ಕಿಂತ ಕಠೋರವಾದುದು. ಏಕೆಂದರೆ ಅದು ಬರುತ್ತಿರುವುದು ಕನ್ನಡದ ಹೆಸರಿನಲ್ಲಿಯೇ.

ಇನ್ನು ಮಗುವಿನ ಕಡೆಗೆ ಬರೋಣ. ಒಂದು ವಸ್ತುವಿಗೆ ಎರಡು ಹೆಸರುಗಳಿರಬಹುದು ಎಂಬುದು ದೊಡ್ಡವರಾದ ನಮಗೆ ಎಷ್ಟು ಸಹಜವೋ ಎಳೆಯ ಮಗುವಿಗೆ ಅಷ್ಟೇ ವಿಚಿತ್ರ. ಮಕ್ಕಳ ಭಾಷಾಕಲಿಕೆಯನ್ನು ಅಭ್ಯಸಿಸಿದ ಈವ್ ಕ್ಲಾರ್ಕ್, ರೂಪದಲ್ಲಿ ಬೇರೆಯಾದ ಪದ ಅರ್ಥದಲ್ಲಿಯೂ ಬೇರೆಯಾಗಿಯೇ ಇರಬೇಕೆಂದು ಮಗು ಎಣಿಸುತ್ತದೆ ಎನ್ನುತ್ತಾರೆ. ಎಲೆನ್ ಮಾರ್ಕ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ವಸ್ತುವಿಗೆ ಒಂದೇ ಹೆಸರು ಎಂಬ ಗ್ರಹಿಕೆಯೇ ಮಗುವಿನ ಪದಕಲಿಕೆಯನ್ನು ನಡೆಸುತ್ತದೆ ಎಂದು ವಾದಿಸಿದ್ದಾರೆ. ಹೆಸರು ಗೊತ್ತಿರುವ ಬಟ್ಟಲಿನ ಪಕ್ಕದಲ್ಲಿ ಕಂಡರಿಯದ ಸಾಮಾನೊಂದನ್ನು ಇಟ್ಟು, ಕೇಳರಿಯದ ಹೆಸರೊಂದನ್ನು ಹೇಳಿದರೆ, ಮಗು ಆ ಹೆಸರನ್ನು ಹೊಸ ಸಾಮಾನಿಗೇ ಅಂಟಿಸುತ್ತದೆ. ಇದು ದಡ್ಡತನವಲ್ಲ, ವೇಗವಾಗಿ ಪದಗಳನ್ನು ಕಲಿಯಲು ಮಗು ಬಳಸುವ ಜಾಣ ಉಪಾಯ. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಮಾರ್ಟಿನ್ ಡೊಹೆರ್ಟಿ ಮತ್ತು ಜೋಸೆಫ್ ಪೆರ್ನರ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದು ವಸ್ತುವಿನ ಎರಡೂ ಹೆಸರುಗಳು ಗೊತ್ತಿದ್ದ ಮಕ್ಕಳಿಗೆ ಅವರು ಒಂದು ಆಟವನ್ನೊಡ್ಡಿದರು: ಒಬ್ಬರು ಒಂದು ಹೆಸರು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೆಸರನ್ನೇ ಹೇಳಬೇಕು. ನಾಲ್ಕು ವರ್ಷದ ಆಚೀಚೆಯ ವಯಸ್ಸಿನಲ್ಲಿ ಈ ಆಟ ಮಕ್ಕಳಿಗೆ ಕೈವಶವಾಗತೊಡಗುತ್ತದೆ. ಅದಕ್ಕೂ ಚಿಕ್ಕವರಿಗೆ, ಎರಡೂ ಪದಗಳು ಗೊತ್ತಿದ್ದರೂ, ಅದು ಕಷ್ಟ. ಇನ್ನೊಬ್ಬರ ತಿಳಿವಳಿಕೆ ತನ್ನ ತಿಳಿವಳಿಕೆಗಿಂತ ಬೇರೆಯಾಗಿರಬಹುದೆಂಬ ಅರಿವು ಮೂಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹೀಗಾಗಿ ಸಮಾನಾರ್ಥಕವನ್ನು ಗುರುತಿಸುವುದು ಶಬ್ದಭಂಡಾರದ ಲೆಕ್ಕಾಚಾರ ಮಾತ್ರವಲ್ಲ. ಲೋಕವನ್ನು ತನ್ನಂತೆಯೇ ಎಲ್ಲರೂ ಕರೆಯುವುದಿಲ್ಲ ಎಂದು ಮನಗಾಣುವ ಘಟ್ಟವದು. ಅಂಗನವಾಡಿಯಿಂದ ಒಂದನೆಯ ತರಗತಿಗೆ ಕಾಲಿಡುವ ಮಗು ನಿಂತಿರುವುದು ಈ ಹೊಸ್ತಿಲನ್ನು ಈಗಷ್ಟೇ ದಾಟಿದ ಜಾಗದಲ್ಲಿ.

ಈ ಹೊಸ್ತಿಲಲ್ಲಿ ನಮ್ಮ ಶಾಲೆ ಮಾಡುವುದೇನು? ಚಿತ್ರ ತೋರಿಸಿ 'ಇದೇನು?' ಎಂದು ಕೇಳುತ್ತದೆ. ಮಗು 'ಉಳ್ಳಾಗಡ್ಡಿ' ಎನ್ನುತ್ತದೆ. 'ಉಳ್ಳಾಗಡ್ಡಿ ಅಲ್ಲ, ಈರುಳ್ಳಿ' ಎಂಬ ಉತ್ತರ ಬರುತ್ತದೆ. ಕಸಬರಿಗೆ ಅಲ್ಲ, ಪೊರಕೆ. ಆಕಳ ಅಲ್ಲ, ಹಸು. ಮಾರಿ ಅಲ್ಲ, ಮುಖ. ರೊಕ್ಕ ಅಲ್ಲ, ಹಣ. ಈ 'ಅಲ್ಲ' ಎಂಬ ಒಂದೇ ಮಾತು ಸಮಾನಾರ್ಥಕದ ಪಾಠವನ್ನೇ ಕೊಂದುಹಾಕುತ್ತದೆ. ಒಂದಕ್ಕೆ ಒಂದೇ ಹೆಸರು ಎಂಬ ಎಳೆತನದ ನಂಬಿಕೆಯನ್ನು ಆಗಷ್ಟೇ ಬಿಡುತ್ತಿದ್ದ ಮಗುವಿಗೆ ಶಾಲೆಯೇ ಆ ನಂಬಿಕೆಯನ್ನು ಮರಳಿ ಗಟ್ಟಿಮಾಡಿಕೊಡುತ್ತದೆ. ಹೆಸರು ಒಂದೇ, ಮತ್ತು ಅದು ನಿನ್ನ ಅವ್ವ ಆಡುವ ಹೆಸರಲ್ಲ. ಎರಡು ಮೂರು ವರ್ಷಗಳ ನಂತರ ಅದೇ ಶಾಲೆ 'ಒಂದು ಪದಕ್ಕೆ ಹಲವು ಸಮಾನಾರ್ಥಕಗಳಿವೆ, ಬರೆಯಿರಿ' ಎನ್ನುತ್ತದೆ. ಅಷ್ಟರಲ್ಲಿ ಮಗು ತನ್ನಲ್ಲಿದ್ದ ಪದಗಳನ್ನು ಮನೆಯಲ್ಲಿ ಬಿಟ್ಟು ಬರುವುದನ್ನು ಕಲಿತಿರುತ್ತದೆ. ಮೊದಲ ತಲೆಮಾರಿಗೆ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳು ತರಗತಿಯಲ್ಲಿ ಬಾಯಿ ಬಿಡುವುದಿಲ್ಲವೆಂಬ ದೂರು ಸಾಮಾನ್ಯವಾದುದು. ಆ ಮೌನಕ್ಕೆ ಹಲವು ಕಾರಣಗಳಿರಬಹುದು. ಆದರೆ ಬಾಯಿ ಬಿಟ್ಟಾಗಲೆಲ್ಲ ತಪ್ಪಾಗುತ್ತದೆಂಬ ಅನುಭವವನ್ನು ಆ ಕಾರಣಗಳಿಂದ ಹೊರಗಿಡಲಾಗದು.

ತಿದ್ದುಪಡಿಯು ಮೌನವನ್ನಷ್ಟೇ ಅಲ್ಲ, ತಪ್ಪರ್ಥವನ್ನೂ ಹುಟ್ಟಿಸುತ್ತದೆ. ಯಲಬುರ್ಗಾ, ಕುಷ್ಟಗಿ ಭಾಗ ಮಳೆಯಾಶ್ರಿತ ಸೀಮೆ. ಇಲ್ಲಿನ ಮಸಾರಿ ಹೊಲಗಳಲ್ಲಿ ಶೇಂಗಾ ಬೆಳೆಯುತ್ತಾರೆ, ಎರೆ ಹೊಲಗಳಲ್ಲಿ ಹಿಂಗಾರಿಗೆ ಜೋಳ, ಕಡಲೆ ಬಿತ್ತುತ್ತಾರೆ. ಪುಸ್ತಕದಲ್ಲಿ 'ಕಡಲೆಕಾಯಿ' ಎಂದು ಓದಿದ ಮಗು ಏನನ್ನು ಕಲ್ಪಿಸಿಕೊಳ್ಳಬೇಕು? ಕಡಲೆಯ ಗಿಡದಲ್ಲಿ ಬಿಡುವ ಕಾಯಿಯನ್ನಲ್ಲವೆ? ತನ್ನ ಹೊಲದ ಶೇಂಗಾವೇ ಅದೆಂದು ಯಾರಾದರೂ ಹೇಳದ ಹೊರತು ಅದಕ್ಕೆ ತಿಳಿಯುವ ದಾರಿಯಿಲ್ಲ. 'ಹಸು' ಎಂಬುದನ್ನು ಅದು 'ಹಸುಗೂಸು' ಎಂಬಲ್ಲಿ ಕೇಳಿರುತ್ತದೆ. ಅಲ್ಲಿ ಅದರ ಅರ್ಥ ಎಳೆಯದು ಎಂದು. 'ಹೊಲ' ಮತ್ತು 'ಗದ್ದೆ'ಗಳನ್ನು ಸಮಾನಾರ್ಥಕಗಳೆಂದು ಜೋಡಿಸುವವರಿದ್ದಾರೆ. ಒಂದೇ ಜಿಲ್ಲೆಯೊಳಗೆ ಇದು ಎಷ್ಟು ಎಡವಟ್ಟು ಎಂಬುದನ್ನು ತುಂಗಭದ್ರೆಯ ಎಡದಂಡೆ ಕಾಲುವೆಯೇ ತೋರಿಸುತ್ತದೆ. ಗಂಗಾವತಿಯ ಭತ್ತದ ಸೀಮೆಯಲ್ಲಿ ಗದ್ದೆ ಕಣ್ಣೆದುರಿಗೇ ಇದೆ. ತಳಕಲ್ಲಿನ ಮಗು ನೋಡುವುದು ಹೊಲವನ್ನು. ನೀರು ನಿಲ್ಲುವ ಗದ್ದೆಯನ್ನೂ ನೀರಿಗಾಗಿ ಮುಗಿಲು ನೋಡುವ ಹೊಲವನ್ನೂ ಒಂದೇ ಎಂದು ಆ ಊರಿನ ಯಾವ ರೈತನೂ ಒಪ್ಪಲಾರ. ಮಗು ಒಪ್ಪಬೇಕೆಂದು ಪಟ್ಟಿ ಬಯಸುತ್ತದೆ.

ಇಲ್ಲಿಯೇ ಸಮಾನಾರ್ಥಕವೆಂಬ ಪರಿಕಲ್ಪನೆಯ ಒಳಗಿನ ತೊಡಕು ಎದುರಾಗುತ್ತದೆ. ಎಲ್ಲ ಸಂದರ್ಭಗಳಲ್ಲಿಯೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದಾದ ಎರಡು ಪದಗಳು ಯಾವ ಭಾಷೆಯಲ್ಲಿಯೂ ಸಿಗುವುದು ದುರ್ಲಭ. ಕಣ್ಣು, ನೇತ್ರ ಒಂದೇ. ಆದರೂ ನೇತ್ರದಾನ ಮಾಡುತ್ತೇವೆ, ಕಣ್ಣೀರು ಸುರಿಸುತ್ತೇವೆ. ತಲೆ, ಶಿರ ಒಂದೇ. ತಲೆನೋವು ಬರುತ್ತದೆ, ಆಜ್ಞೆಯನ್ನು ಶಿರಸಾವಹಿಸಬೇಕಾಗುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ವಿದ್ವಾಂಸರಿಗೆ ಅರಿಸಮಾಸದ ನೆನಪಾಗುತ್ತದೆ, ಉಳಿದವರಿಗೆ ನಗು ಬರುತ್ತದೆ. ಹಳ್ಳಿಯ ಮಗು ಈ ಬಗೆಯ ವಿವೇಚನೆಯಲ್ಲಿ ನಾವು ತಿಳಿದಿರುವುದಕ್ಕಿಂತ ಬಹಳ ಪಳಗಿರುತ್ತದೆ. ಎತ್ತು ಸತ್ತಿತು ಎನ್ನಬೇಕು, ಅಜ್ಜ ತೀರಿಕೊಂಡ ಎನ್ನಬೇಕು, ಮಠದ ಸ್ವಾಮಿಗಳು ಲಿಂಗೈಕ್ಯರಾದರು ಎನ್ನಬೇಕು ಎಂದು ಅದಕ್ಕೆ ಯಾರೂ ಪಾಠ ಮಾಡಿಲ್ಲ. ಹಾವು ಕಚ್ಚಿತೆಂದು ಬಾಯಿಬಿಟ್ಟು ಹೇಳದೆ 'ಹುಳ ಮುಟ್ಟೈತಿ' ಎನ್ನುವ ಹಿರಿಯರ ಮಾತಿನಲ್ಲಿ ಹುಳವೆಂದರೆ ಹಾವು ಎಂಬುದೂ, ಹಾಗೆನ್ನುವುದು ಅಂಜಿಕೆಯಿಂದ ಎಂಬುದೂ ಅದಕ್ಕೆ ತಿಳಿದಿದೆ. ಒಂದೇ ಅರ್ಥ, ಹಲವು ಪದ, ಪ್ರತಿ ಪದಕ್ಕೂ ಅದರದೇ ಆದ ಜಾಗ: ಶಬ್ದಾರ್ಥಶಾಸ್ತ್ರದ ಈ ಮೂಲಪಾಠ ಮನೆಯಂಗಳದಲ್ಲಿ ಆಗಲೇ ಮುಗಿದಿದೆ.

ಕನ್ನಡದ ಜೋಡುನುಡಿಗಳನ್ನು ಈ ದೃಷ್ಟಿಯಿಂದ ನಾವು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ಅಂದಚೆಂದ, ಬಂಧುಬಳಗ, ಕೆಲಸಕಾರ್ಯ, ಗುಡ್ಡಬೆಟ್ಟ, ದುಡ್ಡುಕಾಸು. ಇವುಗಳಲ್ಲಿ ಎರಡೂ ಪದಗಳು ಹೆಚ್ಚುಕಡಿಮೆ ಒಂದೇ ಅರ್ಥದವು. ಕೆಲವೆಡೆ ಒಂದು ಅಚ್ಚಗನ್ನಡ, ಇನ್ನೊಂದು ಸಂಸ್ಕೃತದಿಂದ ಬಂದದ್ದು. ಕೆಲಸ ಗೊತ್ತಿದ್ದವನಿಗೆ ಕಾರ್ಯವನ್ನೂ ಬಳಗ ಗೊತ್ತಿದ್ದವನಿಗೆ ಬಂಧುವನ್ನೂ ಪರಿಚಯಿಸುವ ಏರ್ಪಾಡು ಭಾಷೆಯೊಳಗೇ ಇದೆ. ನಿಘಂಟಿನ ಪಟ್ಟಿಗಿಂತ ಇದು ಮಗುವಿಗೆ ಹತ್ತಿರದ ದಾರಿ. ಒಂದನೆಯ, ಎರಡನೆಯ ತರಗತಿಗಳಲ್ಲಿ ಸಮಾನಾರ್ಥಕದ ಕಲಿಕೆ ಆರಂಭವಾಗಬೇಕಾದುದು ಇಂತಹ ಜೋಡಿಗಳಿಂದ.

ಹಾಗಾದರೆ ಕಲಿಸುವ ಕ್ರಮ ಹೇಗಿರಬೇಕು? ದೊಡ್ಡ ಸಿದ್ಧತೆ ಬೇಕಿಲ್ಲ. ಮಗು 'ಉಳ್ಳಾಗಡ್ಡಿ' ಎಂದಾಗ ಶಿಕ್ಷಕಿ 'ಹೌದು, ಉಳ್ಳಾಗಡ್ಡಿ. ಪುಸ್ತಕದಾಗ ಇದಕ್ಕ ಈರುಳ್ಳಿ ಅಂತ ಬರದಾರ' ಎಂದರೆ ಸಾಕು. 'ಅಲ್ಲ' ಇದ್ದ ಕಡೆ 'ಹೌದು' ಬಂದಿದೆ. ಪುಸ್ತಕದ ಪದ ಕೈತಪ್ಪಿಲ್ಲ. ಒಂದಕ್ಕೆ ಎರಡು ಹೆಸರು ಎಂಬ ತತ್ವ ಮಾತಿಲ್ಲದೆ ಮನಸ್ಸಿಗಿಳಿದಿದೆ. 'ಸಮಾನಾರ್ಥಕ' ಎಂಬ ಪಾರಿಭಾಷಿಕ ಪದವನ್ನು ಈ ವಯಸ್ಸಿನಲ್ಲಿ ಉಚ್ಚರಿಸುವ ಅಗತ್ಯವೇ ಇಲ್ಲ. ಮುಂದಿನ ಹಂತದಲ್ಲಿ ಪದವನ್ನು ವಾಕ್ಯದಲ್ಲಿಟ್ಟು ನೋಡುವ ಆಟ. 'ನೀರು ಕುಡಿ' ಎಂಬಲ್ಲಿ 'ಜಲ ಕುಡಿ' ಎಂದರೆ ಹೇಗೆ ಕೇಳುತ್ತದೆ? ಮಕ್ಕಳು ನಗುತ್ತಾರೆ. ಆ ನಗುವೇ ಪಾಠ. 'ಜಲಾಶಯ' ಎಂಬಲ್ಲಿ ಯಾಕೆ ನಗು ಬರಲಿಲ್ಲ ಎಂದು ಕೇಳಿದರೆ ನಾಲ್ಕನೆಯ ತರಗತಿಯ ಮಕ್ಕಳು ತಮ್ಮದೇ ಮಾತಿನಲ್ಲಿ ಉತ್ತರಿಸಬಲ್ಲರು. ಸಿಟ್ಟು, ಕೋಪ, ಮುನಿಸು, ಸೆಡವು ಎಂಬ ನಾಲ್ಕನ್ನು ಮುಂದಿಟ್ಟು, ತಮ್ಮನ ಮೇಲೆ ಯಾವುದು, ದೇವರಿಗೆ ಯಾವುದು ಎಂದು ಕೇಳಿದರೆ ಒಂದು ತರಗತಿಯ ಅವಧಿ ಸಾಲದಷ್ಟು ಮಾತು ಹೊರಡುತ್ತದೆ.

ಪರಿಸರದಲ್ಲಿಯೇ ಇರುವ ಸಾಮಗ್ರಿಯನ್ನೂ ಬಳಸಬಹುದು. ತಳಕಲ್ಲಿನ ಆಸುಪಾಸಿನಲ್ಲಿಯೇ ಇರುವ ಇಟಗಿಯ ಮಹಾದೇವ ದೇವಾಲಯವನ್ನು 1112ರ ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಮಕ್ಕಳ ಬಾಯಲ್ಲಿ ಅದು ಇಟಗಿ ಗುಡಿ. ಗುಡಿ, ದೇವಸ್ಥಾನ, ದೇವಾಲಯ ಎಂಬ ಮೂರು ಪದಗಳನ್ನು ಕಲಿಸಲು ಇದಕ್ಕಿಂತ ಬೇರೆ ಪಾಠೋಪಕರಣ ಬೇಕೆ? 'ಗುಡಿ' ಎಂದ ಮಗುವನ್ನು ತಿದ್ದದೆ ಶಾಸನದ ಪದಪುಂಜದ ಮುಂದೆ ತಂದು ನಿಲ್ಲಿಸಿದರೆ, ಒಂಬತ್ತು ನೂರು ವರ್ಷಗಳ ಹಿಂದಿನ ಬರಹಗಾರ ಯಾಕೆ ಗುಡಿ ಎನ್ನದೆ ದೇವಾಲಯ ಎಂದ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಈ ನಿಲುವಿಗೆ ಆಕ್ಷೇಪಗಳಿವೆ. ಪಾಲಕರು ಮಕ್ಕಳನ್ನು ಶಾಲೆಗೆ ಕಳಿಸುವುದು ಮನೆಯಲ್ಲಿ ಸಿಗದ ಕನ್ನಡಕ್ಕಾಗಿ. ನಾಳೆ ಅರ್ಜಿ ಬರೆಯಬೇಕು, ಪರೀಕ್ಷೆ ಪಾಸಾಗಬೇಕು, ಬೆಂಗಳೂರಿನಲ್ಲಿ ಮಾತಾಡಬೇಕು. ಮನೆಮಾತಿನ ಗೌರವವೆಂಬುದು ಶಿಷ್ಟಭಾಷೆಯನ್ನು ಆಗಲೇ ಕಲಿತು ದಡ ಸೇರಿದವರ ಹವ್ಯಾಸ ಎಂಬ ಮಾತು ಸುಲಭವಾಗಿ ತಳ್ಳಿಹಾಕುವಂತಹದಲ್ಲ. ಆದರೆ ಇಲ್ಲಿ ವಾದಿಸುತ್ತಿರುವುದು ಈರುಳ್ಳಿಯನ್ನು ಕಲಿಸಬಾರದೆಂದಲ್ಲ. ಸಂಸ್ಕೃತದಿಂದ ಬಂದ ಪದಗಳನ್ನು ಕನ್ನಡ ಬರಹದಿಂದ ಆದಷ್ಟು ಹೊರಗಿಡಬೇಕೆಂಬ ಡಿ. ಎನ್. ಶಂಕರ ಭಟ್ಟರ ವಿಚಾರವನ್ನೂ ಈ ಲೇಖನ ಪೂರ್ತಿಯಾಗಿ ಅನುಮೋದಿಸುವುದಿಲ್ಲ. ಬರಹದ ಕನ್ನಡ ಸಾಮಾನ್ಯರಿಂದ ದೂರ ನಿಂತಿದೆಯೆಂಬ ಅವರ ತಕರಾರು ನ್ಯಾಯವಾದುದೇ. ಆದರೆ ರವಿ, ಭಾಸ್ಕರರನ್ನು ಪುಸ್ತಕದಿಂದ ಓಡಿಸಿದರೆ ನಷ್ಟವಾಗುವುದು ಪುಸ್ತಕವೊಂದನ್ನೇ ನೆಚ್ಚಿಕೊಂಡ ಹಳ್ಳಿಯ ಮಗುವಿಗೆ. ಬೇಕಾಗಿರುವುದು ಸೇರ್ಪಡೆ. ಹೊತ್ತು ಎಂಬಲ್ಲಿಂದ ಸೂರ್ಯನಿಗೆ, ಸೂರ್ಯನಿಂದ ರವಿಗೆ ಹೋಗುವ ಮಗು ಮೂರೂ ಪದಗಳ ಒಡೆತನ ಪಡೆಯುತ್ತದೆ. ಹೊತ್ತನ್ನು ಕಳೆದುಕೊಂಡು ರವಿಯನ್ನು ಪಡೆದ ಮಗುವಿಗೆ ದಕ್ಕುವುದು ಪರೀಕ್ಷೆಯ ಅಂಕವಷ್ಟೆ.

ಕನ್ನಡವೇ ಮನೆಮಾತಲ್ಲದ ಮಕ್ಕಳ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಈ ಜಿಲ್ಲೆಯ ತಾಂಡಾಗಳ ಲಂಬಾಣಿ ಮಕ್ಕಳಿಗೆ ತಾಯಿ 'ಯಾಡಿ', ನೀರು 'ಪಾಣಿ'. ಅವ್ವ, ತಾಯಿ, ಮಾತೆ ಎಂಬ ಕನ್ನಡ ಸಾಲಿಗೆ ಆ ಮಗು ತನ್ನದೊಂದು ಪದವನ್ನು ಸೇರಿಸಬಲ್ಲದು. ವ್ಯಾಕರಣದ ಪ್ರಕಾರ ಇದು ಸಮಾನಾರ್ಥಕವಲ್ಲ, ಅನುವಾದ ಎನ್ನಬಹುದು. ಮಗುವಿನ ಮನಸ್ಸಿನಲ್ಲಿ ನಡೆಯುವ ಕೆಲಸ ಮಾತ್ರ ಒಂದೇ. ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳು 'ಒಂದು ವಸ್ತುವಿಗೆ ಒಂದೇ ಹೆಸರು' ಎಂಬ ನಿಯಮಕ್ಕೆ ಅಷ್ಟು ಬಿಗಿಯಾಗಿ ಅಂಟಿಕೊಳ್ಳುವುದಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ಹಿಂದುಳಿದವರೆಂದು ತರಗತಿಯ ಕೊನೆಯ ಸಾಲಿನಲ್ಲಿ ಕೂರಿಸಲಾಗುವ ತಾಂಡಾದ ಮಗು ಈ ಒಂದು ಪಾಠದಲ್ಲಿ ಉಳಿದವರಿಗಿಂತ ಮುಂದಿರುವ ಸಾಧ್ಯತೆಯಿದೆ. ಅದನ್ನು ಕೇಳಿ ನೋಡಿದವರು ಕಡಿಮೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಆಮೇಲೆ ರಾಜ್ಯದಾದ್ಯಂತ ಹರಡಿದ ನಲಿಕಲಿ ಪದ್ಧತಿಯು ಮಗುವನ್ನು ತನ್ನದೇ ವೇಗದಲ್ಲಿ ಕಲಿಯಲು ಬಿಟ್ಟಿತು. ಹಾಡು, ಕಥೆ, ಆಟಗಳನ್ನು ತರಗತಿಯೊಳಗೆ ತಂದಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಕಾರ್ಡಿನ ಮೇಲಿನ ಪದ ಯಾವ ಸೀಮೆಯದು ಎಂಬ ಪ್ರಶ್ನೆ ಅಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಉಳಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮನೆಮಾತಿನ ಮಹತ್ವವನ್ನು ಎತ್ತಿ ಹೇಳಿತು. ಆದರೆ ಒಂದೇ ಭಾಷೆಯ ಹೆಸರಿನೊಳಗೆ ಅಡಗಿರುವ ಮನೆಮಾತುಗಳ ಬಗೆಗೆ ಇಂತಹ ದಸ್ತಾವೇಜುಗಳಿಗೆ ಹೇಳಲು ಹೆಚ್ಚಿನದೇನೂ ಇರುವುದಿಲ್ಲ. ಕಾಗದದ ಮೇಲೆ ತಳಕಲ್ಲಿನ ಮಗುವಿನ ಮನೆಮಾತು ಕನ್ನಡ, ಶಾಲೆಯ ಮಾತೂ ಕನ್ನಡ. ಸಮಸ್ಯೆಯೇ ಇಲ್ಲ!

ಆದ್ದರಿಂದ ಕೆಲಸ ಆರಂಭವಾಗಬೇಕಾದುದು ಕೆಳಗಿನಿಂದ, ಅದರಲ್ಲಿಯೂ ಉತ್ತರಪತ್ರಿಕೆ ತಿದ್ದುವ ಕೈಯಿಂದ. 'ಹಣ' ಪದದ ಸಮಾನಾರ್ಥಕಕ್ಕೆ ಮಗು 'ರೊಕ್ಕ' ಎಂದು, 'ನಿಜ' ಎಂಬುದಕ್ಕೆ 'ಖರೆ' ಎಂದು, 'ಆಸ್ಪತ್ರೆ'ಗೆ 'ದವಾಖಾನಿ' ಎಂದು ಬರೆದರೆ ಪೂರ್ಣ ಅಂಕ ಕೊಡಬೇಕೆಂಬ ಒಂದು ಸಾಲಿನ ಸೂಚನೆ ಮಾದರಿ ಉತ್ತರಗಳ ಜೊತೆಗಿದ್ದರೆ, ಅದು ಹತ್ತು ತರಬೇತಿ ಶಿಬಿರಗಳಿಗಿಂತ ಹೆಚ್ಚಿನ ಪರಿಣಾಮ ಬೀರುತ್ತದೆ. ಖರೆ ಮರಾಠಿಯ ಕಡೆಯದು, ದವಾಖಾನಿ ಉರ್ದುವಿನ ಕಡೆಯದು ಎಂಬ ತಗಾದೆ ಎದ್ದರೆ, ರವಿ, ಭಾಸ್ಕರರು ಯಾವ ಕಡೆಯಿಂದ ಬಂದವರು ಎಂದು ಕೇಳಬೇಕಾಗುತ್ತದೆ. ಶಿಕ್ಷಕರ ತರಬೇತಿಯಲ್ಲಿ ಆಯಾ ಜಿಲ್ಲೆಯ ಮನೆಮಾತಿನ ಪದಗಳನ್ನು ಪಠ್ಯದ ಪದಗಳ ಎದುರು ಬರೆದ ಕಿರುಹೊತ್ತಗೆಯೊಂದು ಬಳಕೆಯಾಗಬೇಕು. ಮೈಸೂರು, ಹಾಸನಗಳಿಂದ ಬಂದ ಶಿಕ್ಷಕರಿಗಂತೂ ಅದು ತೀರ ಅಗತ್ಯ. ಅದನ್ನು ಸಿದ್ಧಪಡಿಸುವುದು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೆ ಒಂದು ಬೇಸಿಗೆಯ ಕೆಲಸ. ಪದ ಕೊಡಬೇಕಾದವರು ಒಂದನೆಯ ತರಗತಿಯ ಮಕ್ಕಳು ಮತ್ತು ಅವರ ಅಜ್ಜಿಯರು. ನಿಘಂಟು ರಚನೆಯ ವಿಧಾನಗಳನ್ನು ಬಲ್ಲ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಈ ಬಾರಿ ಕಬ್ಬಿಗರಿಗಾಗಿ ಅಲ್ಲ, ಪಾಟಿಚೀಲ ಹೊತ್ತವರಿಗಾಗಿ ಕೈಪಿಡಿ ಮಾಡಬೇಕಿದೆ. ಒಂದೊಂದು ಪದದ ಎದುರಿಗೆ ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದಕ್ಕೆ ಒಂದು ವಾಕ್ಯವಾದರೂ ಇರಲಿ. ಹೊಲ ಮತ್ತು ಗದ್ದೆಗಳು ಒಂದೇ ಸಾಲಿನಲ್ಲಿ ಬಾರದಿರಲಿ.